ಎತ್ತರದ ಟೀ, ಬಿಳಿ ಮರಳಿನ ಬಂಕರ್, ಕೆರೆಯಂಚಿನ ಗ್ರೀನ್: ಕೊಡಗಿನ ಇಳಿಜಾರಿನಲ್ಲಿ ಯಾವುದು ಉಳಿಯುತ್ತದೆ?

ಗಾಲ್ಫಿನ ಮಡಿವಂತರಿಗೆ ಏನು ಬೇಕು ಅನ್ನುವುದು ಎಲ್ಲರಿಗೂ ಗೊತ್ತು. ನೆಲ ಹೇಗಿದೆಯೋ ಹಾಗೇ ಇರಬೇಕು, ಚೆಂಡು ಉರುಳಿಕೊಂಡು ಗ್ರೀನ್ (ಗುರಿಯ ಕುಳಿಯ ಸುತ್ತಲಿನ ನುಣ್ಣನೆಯ ಹುಲ್ಲು) ಸೇರಲು ದಾರಿ ಇರಬೇಕು, ಒಂದು ಗ್ರೀನ್ ಮುಗಿದಲ್ಲೇ ಮುಂದಿನ ಟೀ (ಮೊದಲ ಹೊಡೆತ ಹೊಡೆಯುವ ಮಟ್ಟ ಜಾಗ) ಸಿಗಬೇಕು, ಕಣ್ಣು ಕುಕ್ಕುವ ಅಲಂಕಾರ ಇರಕೂಡದು. ಅದೇ ಜನ ಗುಡ್ಡದ ನೆತ್ತಿಯ ಟೀ ಮೇಲೆ ನಿಂತು ಕೆಳಗಿನ ಗ್ರೀನ್ ನೋಡಿದರೆ ಒಂದು ಚೆಂಡಿಗೆ ಸುಮ್ಮನಾಗುವುದಿಲ್ಲ. ಜೇಬಿನಿಂದ ಎರಡನೆಯದು ಹೊರಬರುತ್ತದೆ.

ಹೀಗೆ ಬಾಯಲ್ಲಿ ಬೇಡವೆಂದು ಮನಸ್ಸಿನಲ್ಲಿ ಬಯಸುವ ಮೂರು ಅಂಶಗಳ ಹೋಲಿಕೆ ಇದು: ಎತ್ತರದ ಟೀ, ಬಿಳಿ ಮರಳಿನ ಬಂಕರ್ (ಚೆಂಡಿಗೆ ತೊಡಕಾಗಿ ತೋಡಿದ ಮರಳುಗುಂಡಿ), ಕೆರೆಯಂಚಿನ ಗ್ರೀನ್. ಕಾಫಿ ತೋಟದಲ್ಲೇ ಸಣ್ಣದಾಗಿ ಗಾಲ್ಫ್ ಮಾಡಿಕೊಳ್ಳುವವರಿಗೆ ಹೇಳುವ ಮಾತು. ಮೂರನ್ನೂ ಸುಮಾರು 140 ಗಜದ ಪಾರ್ 3 ಕುಳಿಗಳ (ಟೀಯಿಂದ ಮೂರು ಹೊಡೆತದಲ್ಲಿ ಮುಗಿಸಬೇಕಾದವು) ಮೇಲೆ, ಕೊಡಗಿನ ಮಳೆ, ಇಳಿಜಾರು, ತೋಟದ ಕೆಲಸದ ನಡುವೆ ಇಟ್ಟು ನೋಡಿದ್ದು. ಮೊದಲೇ ಹೇಳಿಬಿಡುತ್ತೇನೆ, ನನ್ನ ಆಯ್ಕೆ ಎತ್ತರದ ಟೀ. ಬಿಳಿ ಮರಳಿಗೆ ಸುರಿದ ದುಡ್ಡು ಮೊದಲ ಮಳೆಗಾಲದಲ್ಲೇ ಕೊಚ್ಚಿಹೋಯಿತು.

ಬಿಟ್ಟಂಗಾಲದಲ್ಲೋ ಮಡಿಕೇರಿಯಲ್ಲೋ ಪಾಲಿಬೆಟ್ಟದಲ್ಲೋ ಆಡಿದವರಿಗೆ ಇಲ್ಲಿನ ನೆಲ ಗೊತ್ತು. ಸಮತಟ್ಟು ಬೇಕೆಂದರೆ ಗದ್ದೆಗೆ ಇಳಿಯಬೇಕು, ಮಿಕ್ಕಿದ್ದೆಲ್ಲ ಏರು, ಇಳಿಜಾರು, ಕೊಲ್ಲಿ (ತಗ್ಗಿನ ತೊರೆ). ಬಾಣೆಯ (ಗದ್ದೆಯ ಮೇಲಿನ ಗುಡ್ಡದ ಜಮೀನು) ಏಣು, ಅಂದರೆ ನೆತ್ತಿಯ ಸಾಲು, ಹೇಗೂ ಇದ್ದೇ ಇರುತ್ತದೆ. ಅಲ್ಲೊಂದು 20 ಅಡಿಗೆ 25 ಅಡಿ ಜಾಗ ಮಟ್ಟ ಮಾಡಿದರೆ ಟೀ ಸಿದ್ಧ. ಮರಳು ಬೇಡ, ಪಂಪ್ ಬೇಡ. ಕೆಳಗೆ ಗ್ರೀನ್ ಕಾಣಲು ಎದುರಿನ ಸಿಲ್ವರ್ ಓಕ್‌ಗಳ ಕೆಳಕೊಂಬೆ ಸವರಿದರೆ ಸಾಕು, ಮರ ಕಡಿಯಬೇಕಿಲ್ಲ.

ಮಟ್ಟ ಮಾಡುವಾಗ ಮಾತ್ರ ಒಂದು ಎಚ್ಚರ ಬೇಕು. ಗುಡ್ಡದ ಮಗ್ಗುಲು ಕೊರೆದು, ಆ ಮಣ್ಣನ್ನೇ ಮುಂದಕ್ಕೆ ತಳ್ಳಿ ಟೀ ಅಗಲಿಸಬಾರದು. 2018ರ ಆಗಸ್ಟಿನ ಭೂಕುಸಿತ ಕಂಡ ಜಿಲ್ಲೆಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ತುಂಬಿದ ಮಣ್ಣು ಗಟ್ಟಿ ನೆಲಕ್ಕೆ ಬೆಸೆದುಕೊಂಡಿರುವುದಿಲ್ಲ. ಎರಡರ ನಡುವೆ ನೀರು ಇಳಿದರೆ ತುಂಬಿದ್ದಷ್ಟೂ ಜಾರುತ್ತದೆ. ಏಣಿನ ಮೇಲೆ ಎಷ್ಟು ಅಗಲ ಸಿಗುತ್ತದೋ ಅಷ್ಟರಲ್ಲೇ ಟೀ ಮುಗಿಸಿ. ಮೇಲ್ಮೈಗೆ 100 ಅಡಿಗೆ ಒಂದು ಅಡಿಯಷ್ಟು ವಾಟ ಕೊಟ್ಟು, ನೀರನ್ನು ಹಿಂದಕ್ಕೋ ಪಕ್ಕಕ್ಕೋ ತಿರುಗಿಸಿ, ಇಳಿಜಾರಿನ ಮುಖಕ್ಕೆ ಬಿಡಬೇಡಿ.

ಮಡಿವಂತರ ದೊಡ್ಡ ಆಕ್ಷೇಪ, ಎತ್ತರದ ಟೀಯಲ್ಲಿ ಕೌಶಲಕ್ಕಿಂತ ಅದೃಷ್ಟದ ಪಾಲು ಹೆಚ್ಚು ಅನ್ನುವುದು. ಅರ್ಧ ನಿಜ. ಚೆಂಡು ಗಾಳಿಯಲ್ಲಿ ಹೆಚ್ಚು ಹೊತ್ತು ಇರುವುದರಿಂದ ಅಡ್ಡಗಾಳಿ ಅದನ್ನು ಮಾಮೂಲಿಗಿಂತ ದೂರ ಒಯ್ಯುತ್ತದೆ. ಆದರೆ ದೂರದ ಲೆಕ್ಕ ಅದೃಷ್ಟದ್ದಲ್ಲ. ಪ್ರತಿ 3 ಅಡಿ ಇಳಿತಕ್ಕೆ ಸುಮಾರು ಒಂದು ಗಜ ಕಳೆಯಿರಿ. 140 ಗಜ ದೂರ, 60 ಅಡಿ ಇಳಿತವಿದ್ದರೆ 120 ಗಜದ ಹೊಡೆತ. ಮಂಗಳೂರಿನಿಂದ ಬಂದವರು ಮಡಿಕೇರಿಯಲ್ಲಿ ಇನ್ನೂ 5 ಗಜದಷ್ಟು ಕಳೆಯಬೇಕು, ಏಕೆಂದರೆ 3800 ಅಡಿ ಎತ್ತರದ ತೆಳು ಗಾಳಿಯಲ್ಲಿ ಚೆಂಡು ಶೇ. 4ರಷ್ಟು ಹೆಚ್ಚು ಹೋಗುತ್ತದೆ. ಬೆಂಗಳೂರಿನವರಿಗೆ ಈ ವ್ಯತ್ಯಾಸ ಅಷ್ಟಾಗಿ ಗೊತ್ತಾಗದು, ಅವರ ಊರೇ 3000 ಅಡಿ ಮೇಲಿದೆ. ಇಲ್ಲಿಯವರ ಕೈಗೆ ಈ ಗಾಳಿ ಒಗ್ಗಿಹೋಗಿರುತ್ತದೆ, ಅವರು ಇಳಿತವನ್ನಷ್ಟೇ ಎಣಿಸಿದರೆ ಸಾಕು.

ಇದರ ಅತಿರೇಕವೂ ಇದೆ. ದಕ್ಷಿಣ ಆಫ್ರಿಕಾದ ಒಂದು ರೆಸಾರ್ಟಿನ ಹೆಚ್ಚುವರಿ 19ನೇ ಕುಳಿಯ ಟೀಯನ್ನು ಬೆಟ್ಟದ ಮೇಲೆ ಮಾಡಿದ್ದರು, ಗ್ರೀನ್ 400 ಮೀಟರಿಗೂ ಕೆಳಗೆ. ಟೀಗೆ ಹೋಗಲು ಹೆಲಿಕಾಪ್ಟರ್ ಬೇಕಿತ್ತು. ಅಷ್ಟು ಬೇಕಿಲ್ಲ. 40ರಿಂದ 60 ಅಡಿ ಇಳಿತಕ್ಕೇ ಆ ಸುಖ ಸಿಗುತ್ತದೆ: ಚೆಂಡು ಆಕಾಶಕ್ಕೆ ಅಂಟಿಕೊಂಡಂತೆ ನಿಂತು, ಆಮೇಲೆ ಹಿಂದಿನ ಮರಗಳ ಹಸಿರಿನಲ್ಲಿ ಕರಗಿ, ಗ್ರೀನಿನ ಮೇಲೆ ಚುಕ್ಕಿಯಾಗಿ ಮತ್ತೆ ಕಾಣಿಸುತ್ತದೆ. 60 ಅಡಿ ದಾಟಿದರೆ ಅಂದಾಜು ತಪ್ಪುವುದು ಹೆಚ್ಚು, ಹತ್ತುವ ಕಷ್ಟವೂ ಹೆಚ್ಚು.

ಇನ್ನು ಬಿಳಿ ಮರಳು.

ಬಂಕರಿನಲ್ಲಿ ಹಾಲಿನಂಥ ಬಿಳುಪು ಕಂಡರೆ ಎಲ್ಲರಿಗೂ ಅಮೆರಿಕದ ಗಾಲ್ಫ್ ಕ್ಲಬ್ ಅಗಸ್ಟಾ ನ್ಯಾಷನಲ್ ನೆನಪಾಗುತ್ತದೆ. ಅಲ್ಲಿನ ಮರಳು ಉತ್ತರ ಕ್ಯಾರೊಲಿನಾದ ಸ್ಪ್ರೂಸ್ ಪೈನ್ ಗಣಿಗಳಲ್ಲಿ ಫೆಲ್ಡ್‌ಸ್ಪಾರ್ ತೆಗೆದ ಮೇಲೆ ಉಳಿಯುವ ಕ್ವಾರ್ಟ್ಜ್. ಕಾಫಿಯ ಕಡುಹಸಿರಿನ ನಡುವೆ ಅಂಥದೊಂದು ಬಿಳಿ ತುಣುಕು ಟೀಯಿಂದ ಎಷ್ಟು ಚೆನ್ನಾಗಿ ಕಾಣುತ್ತದೆ ಅನ್ನುವುದನ್ನು ನಾನು ಅಲ್ಲಗಳೆಯುವುದಿಲ್ಲ. ಜನವರಿಯಿಂದ ಏಪ್ರಿಲ್‌ವರೆಗೆ ಅದಕ್ಕೆ ಸಾಟಿಯಿಲ್ಲ.

ಜೂನ್ ಹಿಡಿದ ಮೇಲೆ ಕತೆ ಬೇರೆ. ಮಡಿಕೇರಿಯಲ್ಲಿ ವರ್ಷಕ್ಕೆ 3000 ಮಿ.ಮೀ. ದಾಟಿ ಮಳೆ ಬೀಳುತ್ತದೆ, ಅದರಲ್ಲಿ ಹೆಚ್ಚಿನದು ಮೂರ್ನಾಲ್ಕು ತಿಂಗಳಲ್ಲೇ. ಮೊದಲ ಜೋರು ಮಳೆಗೆ ಬಂಕರಿನ ಇಳಿಜಾರು ಮುಖದ ಮರಳು ಜಾರಿ ತಳ ಸೇರುತ್ತದೆ, ಮುಖದಲ್ಲಿ ಕೆಮ್ಮಣ್ಣು ಬಯಲಾಗುತ್ತದೆ. ಎರಡನೇ ಮಳೆ ಆ ಕೆಮ್ಮಣ್ಣನ್ನು ಕರಗಿಸಿ ಬಿಳಿ ಮರಳಿನೊಳಗೆ ಇಳಿಸುತ್ತದೆ. ಮರಳು ಮೊದಲು ನಸುಗೆಂಪು, ಆಮೇಲೆ ಇಟ್ಟಿಗೆ ಪುಡಿಯ ಬಣ್ಣ. ಬಣ್ಣ ಹೋದರೆ ಹೋಗಲಿ ಅನ್ನಬಹುದು, ತೊಂದರೆ ಅದಲ್ಲ. ಜೇಡಿಯ ನುಣುಪು ಕಣಗಳು ಮರಳಿನ ಕಣಗಳ ನಡುವಿನ ಸಂದುಗಳನ್ನು ಮುಚ್ಚುತ್ತವೆ. ನೀರು ಕೆಳಗಿಳಿಯದೆ ನಿಲ್ಲುತ್ತದೆ. ನಿಂತ ನೀರಲ್ಲಿ ಇನ್ನಷ್ಟು ಜೇಡಿ ಕೂರುತ್ತದೆ. ಮಳೆ ಬಿಟ್ಟು ಎರಡು ದಿನ ಬಿಸಿಲು ಬಂದರೆ ಮೇಲೆ ಹೆಪ್ಪುಗಟ್ಟುತ್ತದೆ, ವೆಜ್ (ಮರಳಿನಿಂದ ಚೆಂಡು ಎತ್ತುವ ಕ್ಲಬ್) ಬಡಿದರೆ ಮರಳು ಏಳುವುದಿಲ್ಲ, ಕೈಗೆ ಜುಮ್ಮೆನ್ನುವ ಏಟು ಬರುತ್ತದೆ. ಸೆಪ್ಟೆಂಬರಿನ ಕೈಲ್‌ಪೊಳ್ದ್ ಹಬ್ಬದ ಹೊತ್ತಿಗೆ ಅದು ಬಂಕರಾಗಿ ಉಳಿದಿರುವುದಿಲ್ಲ.

ಮಳೆಯಲ್ಲಿ ಆಡುವವರಿಗೆ ನಿಯಮದ ತೊಡಕೂ ಇದೆ. ಬಂಕರಿನಲ್ಲಿ ತಾತ್ಕಾಲಿಕ ನೀರು ನಿಂತಿದ್ದರೆ ದಂಡವಿಲ್ಲದ ಡ್ರಾಪ್ (ಚೆಂಡನ್ನು ಎತ್ತಿ ಬೇರೆ ಜಾಗದಲ್ಲಿ ಕೈಯಿಂದ ಬಿಡುವುದು) ಬಂಕರಿನ ಒಳಗೇ, ಕುಳಿಗೆ ಹತ್ತಿರವಾಗದಂತೆ. ಹೊರಗೆ ಬರಬೇಕೆಂದರೆ ಒಂದು ಹೊಡೆತದ ದಂಡ. ಜುಲೈಯಲ್ಲಿ ಇಡೀ ಬಂಕರ್ ತುಂಬಿರುವಾಗ ಒಳಗಿನ ಡ್ರಾಪ್ ಅಂದರೆ ನೀರು ಇದ್ದುದರಲ್ಲಿ ಕಮ್ಮಿ ಇರುವ ಜಾಗ, ಅಷ್ಟೆ. ಸಮಿತಿ ಮೊದಲೇ ಆ ಬಂಕರನ್ನು ದುರಸ್ತಿ ನೆಲವೆಂದು ಘೋಷಿಸಿದರೆ ಮಾತ್ರ ದಂಡವಿಲ್ಲದೆ ಹೊರಗೆ ಡ್ರಾಪ್ ಮಾಡಬಹುದು.

ಮರಳು ಕೊಳ್ಳುವಾಗಲೇ ಆಗುವ ತಪ್ಪು ಇನ್ನೊಂದು. ಬಂಕರಿಗೆ ಬೇಕಾದದ್ದು 0.25ರಿಂದ 1 ಮಿ.ಮೀ. ನಡುವಿನ, ಮೂಲೆಮೂಲೆಯಾದ ಕಣ. ಬಿಳಿಯೆಂದು ಮಾರುವ ಸಿಲಿಕಾ ಮರಳು ಹಲವು ಸಲ ಒಂದೇ ಗಾತ್ರದ್ದು, ಉರುಟು ಕಣದ್ದು. ಅದು ಕೂರುವುದೇ ಇಲ್ಲ, ಕಾಲಿಟ್ಟರೆ ಹೂತುಹೋಗುತ್ತದೆ, ಮೇಲಿಂದ ಬಿದ್ದ ಚೆಂಡು ಅರ್ಧ ಮುಳುಗುತ್ತದೆ. ಕಟ್ಟಡದ ಎಂ-ಸ್ಯಾಂಡ್ ಇದಕ್ಕೆ ತದ್ವಿರುದ್ಧ. ಕಣದ ಆಕಾರ ಸರಿ, ಆದರೆ ಕಲ್ಲಿನ ಹುಡಿ ಹೆಚ್ಚು, ನೆನೆದು ಒಣಗಿದರೆ ಗಾರೆ ನೆಲದಂತೆ. ಲಾರಿ ಇಳಿಸುವ ಮೊದಲು ಒಂದು ಪರೀಕ್ಷೆ ಮಾಡಿ: ಗಾಜಿನ ಬಾಟಲಿಗೆ 10 ಸೆಂ.ಮೀ. ಮರಳು ತುಂಬಿ, ನೀರು ಹಾಕಿ ಚೆನ್ನಾಗಿ ಕುಲುಕಿ, ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಮರಳಿನ ಮೇಲೆ ಕೂತ ಕೆನೆಯಂಥ ಪದರ 3 ಮಿ.ಮೀ. ಮೀರಿದ್ದರೆ ಲಾರಿ ವಾಪಸ್ ಕಳಿಸಿ. 500 ಚದರಡಿಯ ಬಂಕರಿಗೆ ಸರಾಸರಿ 4 ಇಂಚು ದಪ್ಪವೆಂದರೂ ಸುಮಾರು ಏಳೂವರೆ ಟನ್. ಇಳಿಸಿಕೊಂಡ ಮೇಲೆ ವಾಪಸಿನ ಮಾತೇ ಇಲ್ಲ.

ಹಟ ಹಿಡಿದು ಮಾಡಿಯೇ ತೀರುತ್ತೇನೆ ಅನ್ನುವವರಿಗೆ ದಾರಿ ಇದೆ. ಬಂಕರಿನ ಮೇಲ್ಬದಿಯಲ್ಲಿ ಮೂರು ಅಡಿ ಬಿಟ್ಟು, ಗುಡ್ಡದ ನೀರು ಹಿಡಿಯುವ ಒಂದು ಆಳವಿಲ್ಲದ ಹುಲ್ಲುಚರಂಡಿ ತೆಗೆಯಿರಿ. ಅಂಚನ್ನು ಸುತ್ತಲಿನ ನೆಲಕ್ಕಿಂತ 3-4 ಇಂಚು ಎತ್ತರಿಸಿ. ತಳದಲ್ಲಿ ಒಂದಡಿ ಆಳದ ಕಾಲುವೆ ತೆಗೆದು, ತೂತಿರುವ 4 ಇಂಚಿನ ಪೈಪನ್ನು 100 ಅಡಿಗೆ ಕನಿಷ್ಠ ಒಂದು ಅಡಿ ವಾಟದಲ್ಲಿ ಹಾಸಿ, ಸುತ್ತ 6 ಮಿ.ಮೀ. ಜಲ್ಲಿ ತುಂಬಿ. ಪೈಪಿಗೇ ಬಟ್ಟೆ ಸುತ್ತಬೇಡಿ, ನಮ್ಮ ಜೇಡಿ ಆ ಬಟ್ಟೆಯನ್ನು ಬೇಗ ಕಟ್ಟಿಹಾಕುತ್ತದೆ. ಪೈಪಿನ ಹೊರಬಾಯಿ ಕೊಲ್ಲಿಯ ಕಡೆ ತೆರೆದಿರಲಿ, ಮಳೆಗೆ ಮುಂಚೆ ಮೇಲಿನಿಂದ ನೀರು ಬಿಟ್ಟು ಕೆಳಗೆ ಬರುವುದನ್ನು ನೋಡಿಕೊಳ್ಳಿ. ಮುಖಕ್ಕೆ ಮರಳು ಬೇಡ, ಹುಲ್ಲು ಹಾಕಿ. ಮರಳು ಸಮತಟ್ಟಾದ ತಳದಲ್ಲಿ ಮಾತ್ರ ಇರಲಿ.

ಇಷ್ಟು ಮಾಡಿದರೆ ಬಂಕರ್ ಉಳಿಯುತ್ತದೆ. ಆದರೆ ಮುಖ ಹುಲ್ಲಾದ ಮೇಲೆ ಟೀಯಿಂದ ಆ ಬಿಳುಪು ಕಾಣುವುದೇ ಇಲ್ಲ. ಯಾವ ಚಂದಕ್ಕಾಗಿ ಅಷ್ಟು ದುಡ್ಡು ಕೊಟ್ಟೆವೋ ಅದೇ ಹೋಯಿತು. ನನ್ನ ಮುಖ್ಯ ತಕರಾರು ಇದು. ಹುಲ್ಲಿನ ಮುಖದ ಬಂಕರಿಗೆ ತೊಳೆದ ಹೊಳೆಮರಳಿನ ಬೂದುಬಣ್ಣ ಸಾಕು.

ಮೂರನೆಯದು ನೀರು. ಫ್ಲಾರಿಡಾದ ಟಿಪಿಸಿ ಸಾಗ್ರಾಸ್‌ನ 17ನೇ ಕುಳಿ, 137 ಗಜದ ದ್ವೀಪದ ಗ್ರೀನ್, ಎಲ್ಲರೂ ನೋಡಿರುವ ಚಿತ್ರ. ಅದನ್ನು ವಿನ್ಯಾಸ ಮಾಡಿದ ಪೀಟ್ ಡೈ ಮೊದಲು ಅಲ್ಲಿ ದ್ವೀಪ ಮಾಡಲು ಹೊರಟಿರಲಿಲ್ಲ. ಗ್ರೀನಿನ ಸುತ್ತಲಿನ ಒಳ್ಳೆಯ ಮರಳನ್ನೆಲ್ಲ ಬೇರೆ ಕುಳಿಗಳಿಗೆ ತೋಡಿ ಒಯ್ದು ದೊಡ್ಡ ಗುಂಡಿಯಾದಾಗ, ನೀರು ತುಂಬಿಸೋಣ ಎಂದದ್ದು ಹೆಂಡತಿ ಆಲಿಸ್ ಡೈ. ಕೆರೆಯಂಚಿಗೆ ಕಟ್ಟುವ, ಮಡಿವಂತರು ಮೂಗು ಮುರಿಯುವ ಮರದ ಸ್ಲೀಪರ್ (ರೈಲು ಹಳಿಯ ಕೆಳಗಿನ ದಿಮ್ಮಿ) ಗೋಡೆಯನ್ನೂ ಡೈ ಕಂಡದ್ದು ಸ್ಕಾಟ್ಲೆಂಡಿನಲ್ಲಿ. 1860ರಲ್ಲಿ ಮೊದಲ ಓಪನ್ ಚಾಂಪಿಯನ್‌ಶಿಪ್ ನಡೆದ ಪ್ರೆಸ್ಟ್‌ವಿಕ್‌ನಲ್ಲಿ ಅಂಥ ಗೋಡೆಗಳಿವೆ. ಹಾಗಾಗಿ ಸ್ಲೀಪರನ್ನು ಬಯ್ಯುವವರ ಮಾತು ನನಗೆ ಒಪ್ಪಿಗೆಯಾಗುವುದಿಲ್ಲ.

ತೋಟದಲ್ಲಿ ಕೆರೆ ಹೇಗೂ ಇದೆಯಲ್ಲ, ಅದರ ದಡದಲ್ಲೇ ಗ್ರೀನ್ ಮಾಡೋಣ ಅನ್ನಿಸುವುದು ಸಹಜ. ಲೆಕ್ಕ ಹಾಕಿ ನೋಡಿ. 100 ಅಡಿಗೆ 60 ಅಡಿ, 10 ಅಡಿ ಆಳದ ಕೆರೆಯಲ್ಲಿ ಹಿಡಿಯುವುದು ಸುಮಾರು 17 ಲಕ್ಷ ಲೀಟರ್. ಹತ್ತು ಎಕರೆ ರೊಬಸ್ಟಾ ಕಾಫಿಗೆ ಹೂ ಅರಳಿಸಲು ಸ್ಪ್ರಿಂಕ್ಲರಿನಲ್ಲಿ ಒಂದೂವರೆ ಇಂಚು ನೀರು ಹೊಡೆದರೆ 15 ಲಕ್ಷ ಲೀಟರ್ ಖಾಲಿ. ಫೆಬ್ರವರಿ, ಮಾರ್ಚಿನಲ್ಲಿ, ಅಂದರೆ ಗಾಲ್ಫಿಗೆ ಹೇಳಿಮಾಡಿಸಿದ ಹವೆಯಲ್ಲಿ, ಗ್ರೀನಿನ ಮುಂದೆ ಇರುವುದು ಬಿರುಕುಬಿಟ್ಟ ಕೆಸರು. ನೀರು ತುಂಬಿ ತುಳುಕುವುದು ಆಡುವವರೇ ಕಮ್ಮಿಯಿರುವ ಜುಲೈಯಲ್ಲಿ.

ನೆಟ್ಟಗಿನ ಸ್ಲೀಪರ್ ಗೋಡೆಯಿಂದ ಇಲ್ಲಿ ಬೇರೊಂದು ಅಪಾಯವಿದೆ. ನೀರಿಗೆ ಬಂದ ಆನೆಯೋ ದನವೋ ಒಳಗೆ ಜಾರಿದರೆ ಹತ್ತಿ ಬರಲಾಗದು. ಒಂದು ಬದಿಯಲ್ಲಾದರೂ ಮೂರು ಅಡಿಗೆ ಒಂದು ಅಡಿ ಏರುವಷ್ಟು ಸಣ್ಣ ಇಳಿಜಾರು ಬಿಡಲೇಬೇಕು. ಸಿಲ್ವರ್ ಓಕ್ ಹಲಗೆ ಅಗ್ಗವೆಂದು ಗೋಡೆಗೆ ಬಳಸಬೇಡಿ, ನೀರಿನ ಮಟ್ಟ ಏರಿಳಿಯುವಲ್ಲಿ ಬೇಗ ಕೊಳೆಯುತ್ತದೆ.

ಈ ಮೂರರ ಹೊರಗೆ ಇನ್ನೊಂದಿದೆ, ಗ್ರೀನಿನ ಹಿಂದೆ ಚೆಂಡು ತಡೆಯುವ ದಿಬ್ಬ: ಮಡಿವಂತರಿಗೆ ಇದು ಆಟಗಾರನಿಗೆ ಕೊಡುವ ದಾನ. ಕೊಡಗಿನಲ್ಲಿ ಇದು ಅಗತ್ಯ. ಮೂರು ಅಡಿ ಎತ್ತರದ, ಒಳಮುಖವಾಗಿ ಸಣ್ಣಗೆ ಇಳಿಯುವ ಹುಲ್ಲುದಿಬ್ಬ ಇಲ್ಲದಿದ್ದರೆ ಚೆಂಡು ಸೀದಾ ಕಾಫಿಯೊಳಗೆ. ಹುಡುಕಲು ನಿಯಮ ಕೊಡುವುದು 3 ನಿಮಿಷ, ಆ 3 ನಿಮಿಷದಲ್ಲಿ ಕಾಫಿ ಗಿಡದ ರೆಕ್ಕೆ (ಅಡ್ಡಕೊಂಬೆ) ಮುರಿಯುವುದೆಷ್ಟೋ. ದಿಬ್ಬದ ಹಿಂಬದಿಗೆ ಚರಂಡಿ ಇರಲಿ, ಇಲ್ಲದಿದ್ದರೆ ಗುಡ್ಡದ ನೀರು ಅಲ್ಲೇ ಕಟ್ಟಿಕೊಳ್ಳುತ್ತದೆ.

ಇನ್ನುಳಿದ ಅಲಂಕಾರಗಳಲ್ಲಿ, ಹುಲ್ಲಿನ ಪಟ್ಟೆ ಚಂದವೇ, ಆದರೆ ಹಿಂದೆ ರೋಲರ್ ಇರುವ ಹುಲ್ಲು ಕತ್ತರಿಸುವ ಯಂತ್ರ ಬೇಕು. ಟೀ ಪಕ್ಕ ಹೈಡ್ರೇಂಜಿಯಾ ಸಾಲು ಇಲ್ಲಿ ತಾನಾಗಿ ಬೆಳೆಯುತ್ತದೆ, ಖರ್ಚಿಲ್ಲ, ಇಟ್ಟುಕೊಳ್ಳಿ. ಪಂಪಿನ ಜಲಪಾತ ಬೇಡ.

ವಾರಕ್ಕೆರಡು ಸಂಜೆ, ಕೆಲಸದವರು ಹೋದ ಮೇಲೆ ಒಂದು ಗಂಟೆ, ಅರ್ಧ ಚೀಲದಲ್ಲಿ ಏಳು ಕ್ಲಬ್, ಕಾಲ್ನಡಿಗೆ. ನನ್ನ ಆಟ ಇಷ್ಟೇ. ಒಂದು ಬಂಕರಿನ ಮರಳು, ಪೈಪು, ಜಲ್ಲಿಗೆ ಆಗುವ ದುಡ್ಡಿನಲ್ಲಿ ಟೀ, ದಾರಿ, ದಿಬ್ಬ ಮೂರೂ ಮುಗಿಯುತ್ತವೆ. ವರ್ಷವಿಡೀ ದೊಡ್ಡ ಮೈದಾನ ನಿರ್ವಹಿಸುವ, ಆಳುಕಾಳು ಇರುವ ಕ್ಲಬ್ಬಿಗೆ ಲೆಕ್ಕ ಬೇರೆಯಾದೀತು.

ಎತ್ತರದ ಟೀಗೂ ಕೊರತೆಗಳಿವೆ. ಕಡಿದಾಗಿ ಬೀಳುವ ಚೆಂಡು ನೆನೆದ ಗ್ರೀನಿನಲ್ಲಿ ಆಳದ ಗುಳಿ ಮಾಡುತ್ತದೆ. ಗುಳಿ ಸರಿಪಡಿಸುವ ಸಣ್ಣ ಫೋರ್ಕನ್ನು ಗುಳಿಯ ಹೊರಗೆ ಚುಚ್ಚಿ ಅಂಚನ್ನು ನಡುವಿಗೆ ತಳ್ಳಬೇಕು. ಅಡಿಯಿಂದ ಮೀಟಿದರೆ ಬೇರು ಕಿತ್ತು ಹುಲ್ಲು ಸಾಯುತ್ತದೆ. ಮಂಜು ಇಳಿದಾಗ ಕೆಳಗಿರುವವರು ಕಾಣುವುದಿಲ್ಲ, ಆದ್ದರಿಂದ ಗ್ರೀನ್ ಬಿಟ್ಟವರು ಬಾರಿಸಲು ಒಂದು ಗಂಟೆ ತೂಗುಹಾಕಿ, ಅದು ಕೇಳುವವರೆಗೆ ಮೇಲಿನವರು ಹೊಡೆಯಬಾರದು. 60 ಅಡಿ ಹತ್ತಲು ನೇರ ಮೆಟ್ಟಿಲಾದರೆ ಆರಿಂಚಿನವು 120 ಬೇಕು, ಮಳೆಗಾಲದಲ್ಲಿ ಎಲ್ಲವೂ ಪಾಚಿ. ಅದರ ಬದಲು 8 ಅಡಿಗೆ ಒಂದು ಅಡಿ ಏರುವ ಹಾವುದಾರಿ ಮಾಡಿ. ಉದ್ದ 480 ಅಡಿ ಆಗುತ್ತದೆ, ಚೀಲ ಹೊತ್ತವರೂ ನಿಲ್ಲದೆ ಹತ್ತುತ್ತಾರೆ. ದಾರಿಯ ಎರಡೂ ಬದಿ ಎರಡಡಿ ಹುಲ್ಲು ಸವರಿಟ್ಟರೆ ಜಿಗಣೆ ಕಮ್ಮಿ.