ಜನರೇಟರ್ ಕೋಣೆಗೆ ಜಾಲಿಯೋ, ಎಕ್ಸಾಸ್ಟ್ ಫ್ಯಾನೋ?

ಹುಬ್ಬಳ್ಳಿಯ ದುರ್ಗದಬೈಲಿನ ಇಕ್ಕಟ್ಟಿನ ಅಂಗಡಿಗೆ ಪೆಟ್ರೋಲ್ ಜನರೇಟರ್ ತಂದಿದ್ದೀರಾ? ಓಡಿಸುವುದು ಹೊರಗೇ, ಬಾಗಿಲು-ಕಿಟಕಿಯಿಂದ ದೂರ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ, ಯಾವ ಫ್ಯಾನನ್ನೂ ನಂಬಬೇಡಿ. ಆಯ್ಕೆ ಇರುವುದು ಜನರೇಟರ್ ಎತ್ತಿಡುವ ಕೋಣೆಯ ವಿಷಯದಲ್ಲಿ ಮಾತ್ರ: ಗಾಳಿಯಾಡಲು ಗೋಡೆಯಲ್ಲಿ ಜಾಲಿ, ಅಂದರೆ ಜಾಲರಿ ಕಿಂಡಿ ಬಿಡುವುದೋ, ಎಕ್ಸಾಸ್ಟ್ ಫ್ಯಾನ್ ಕೂರಿಸುವುದೋ?

ಎಕ್ಸಾಸ್ಟ್ ಫ್ಯಾನ್ ಗಾಳಿಯನ್ನು ಜೋರಾಗಿ ಎಳೆಯುತ್ತದೆ, ನಿಜ. ಆದರೆ ಜಾಸ್ತಿ ಜನ ಅದನ್ನು ಸೂರಿನ ಹತ್ತಿರ ಕೂರಿಸುತ್ತಾರೆ. ಪೆಟ್ರೋಲ್ ಆವಿ ಗಾಳಿಗಿಂತ 3-4 ಪಟ್ಟು ಭಾರ. ಕಾರ್ಬೊರೇಟರ್‌ನಿಂದ ಜಿನುಗಿದ್ದು ನೆಲದಲ್ಲೇ ಹರಡಿ ಮೂಲೆಯಲ್ಲಿ ನಿಲ್ಲುತ್ತದೆ. ಮೇಲೆ ಫ್ಯಾನ್ ಸುಮ್ನೆ ತಿರುಗುತ್ತಿರುತ್ತದೆ. ಕೆಳಗೆ ಕೂರಿಸಿದರೆ ಇನ್ನೂ ಫಜೀತಿ: ಸಾದಾ ಮೋಟಾರಿನ ಒಂದು ಕಿಡಿ ಸಾಕು, ಅಲ್ವಾ?

ಜಾಲಿಗೆ ಕರೆಂಟೇ ಬೇಡ. ಬಯಲಿಗೆ ತೆರೆದುಕೊಳ್ಳುವಂತೆ ಒಂದು ನೆಲಕ್ಕೆ ತಾಗಿ, ಇನ್ನೊಂದು ಎದುರು ಗೋಡೆಯಲ್ಲಿ ಮೇಲೆ. ಧೂಳು ಬರುತ್ತದೆ, ಬರಲಿ. ನನ್ನ ಓಟು ಜಾಲಿಗೇ. ಕೆಳಗಿನದರ ಮುಂದೆ ಮಾತ್ರ ರಟ್ಟಿನ ಡಬ್ಬಿ ಒಟ್ಟಬೇಡಿ.