ಲಂಡನ್ನಿನಲ್ಲಿ ಇಂಟರ್ಸೆಪ್ಟರ್ 650: ನಾಲ್ಕು ವರ್ಷ ಓಡಿಸಿದ ಮೇಲೆ

ರಾಯಲ್ ಎನ್‌ಫೀಲ್ಡ್ ಕಂಪನಿಯ ಈ ಬೈಕಿನ ಪವರ್ ಎಷ್ಟು, ತೂಕ ಎಷ್ಟು ಅನ್ನುವುದನ್ನೆಲ್ಲ ನೀವು ಆಗಲೇ ಓದಿರುತ್ತೀರಿ, ವಿಡಿಯೋ ನೋಡಿರುತ್ತೀರಿ. ಅದನ್ನು ಮತ್ತೆ ಬರೆಯುವುದಿಲ್ಲ. ಇದನ್ನು ಲಂಡನ್ನಿನಲ್ಲಿ ಇಟ್ಟುಕೊಂಡು ದಿನಾ ಕೆಲಸಕ್ಕೆ ಹೋಗಿ ಬಂದರೆ ಏನಾಗುತ್ತದೆ ಅನ್ನುವುದನ್ನು ಬರೆಯುತ್ತೇನೆ. ಬೈಕಿನ ಮೇಲೆ ನನ್ನದೇನೂ ದೂರಿಲ್ಲ. ಈ ಊರಲ್ಲಿ ಬೈಕ್ ಸಾಕುವುದರ ಮೇಲೆ ಇದೆ. ಅದೂ ನದಿ ದಾಟುವ ಸುರಂಗಕ್ಕೆ ಟೋಲ್ ಬಂದ 2025ರ ಏಪ್ರಿಲ್ 7ರ ನಂತರ ತುಂಬಾ ಜಾಸ್ತಿಯಾಗಿದೆ.

ನಮ್ಮ ಮನೆ ಥೇಮ್ಸ್ ನದಿಯ ದಕ್ಷಿಣಕ್ಕೆ, ಪ್ಲಮ್‌ಸ್ಟೆಡ್‌ನಲ್ಲಿ. ಕೆಲಸ ಉತ್ತರಕ್ಕೆ, ಸ್ಟ್ರಾಟ್‌ಫರ್ಡ್ ಹತ್ತಿರದ ಒಂದು ಲ್ಯಾಬ್‌ನಲ್ಲಿ. ಶಿಫ್ಟ್ ಕೆಲಸ. ಒಂದು ವಾರ ಬೆಳಗ್ಗೆ ಏಳಕ್ಕೆ ಶುರು, ಇನ್ನೊಂದು ವಾರ ರಾತ್ರಿ ಒಂಬತ್ತೂವರೆಗೆ ಬಿಡುಗಡೆ. ಎಲಿಜಬೆತ್ ಲೈನ್ ಇದೆಯಲ್ಲ ಅಂತ ಎಲ್ಲರೂ ಕೇಳುತ್ತಾರೆ. ಒಳ್ಳೆಯ ರೈಲು, ಒಪ್ಪುತ್ತೇನೆ. ಆದರೆ ಮನೆಯಿಂದ ಸ್ಟೇಷನ್, ರೈಲು ಬದಲಿಸುವುದು, ಆ ಕಡೆ ಮತ್ತೆ ನಡಿಗೆ, ಇದೆಲ್ಲ ಸೇರಿದರೆ ಬೈಕಿಗಿಂತ ಎರಡು ಪಟ್ಟು ಹೊತ್ತು. ಹನ್ನೆರಡು ಗಂಟೆ ನಿಂತು ಕೆಲಸ ಮಾಡಿದ ದಿನ ಆ ವ್ಯತ್ಯಾಸ ಕಾಲಿಗೆ ಗೊತ್ತಾಗುತ್ತದೆ.

ಮೊದಲು ಬೈಕ್ ಕೊಟ್ಟ ಖುಷಿಯ ಮಾತು. ಹಾಸನದಲ್ಲಿ ಅಪ್ಪನ ಸ್ಪ್ಲೆಂಡರ್ ಓಡಿಸಿ ಬೆಳೆದವನಿಗೆ ಎರಡು ಸಿಲಿಂಡರಿನ ಈ ಸದ್ದು ಇವತ್ತಿಗೂ ಹಳೆಯದಾಗಿಲ್ಲ. ಏರ್ ಕೂಲ್ಡ್ ಎಂಜಿನ್ ಆದ್ದರಿಂದ ಜನವರಿಯ ಬೆಳಗಿನಲ್ಲಿ ಸಿಗ್ನಲ್‌ನಲ್ಲಿ ನಿಂತಾಗ ಮೊಣಕಾಲಿಗೆ ಬಿಸಿ ತಾಗುತ್ತದೆ. ಚೆನ್ನೈ ಬಳಿ ತಯಾರಾಗಿ, ಇಂಗ್ಲೆಂಡಿನ ರೆಡಿಚ್‌ನಲ್ಲಿ ಹುಟ್ಟಿದ ಹೆಸರು ಹೊತ್ತು ಬಂದ ಗಾಡಿ. ಪೆಟ್ರೋಲ್ ಬಂಕಿನಲ್ಲಿ ವಯಸ್ಸಾದ ಇಂಗ್ಲಿಷರು ನಿಂತು ಮಾತಾಡಿಸುತ್ತಾರೆ. ಒಬ್ಬರು ತಮ್ಮ ತಂದೆಯ ಎನ್‌ಫೀಲ್ಡ್ ಬಗ್ಗೆ ಹೇಳುತ್ತ ಹೇಳುತ್ತ ತಮ್ಮ ಕಾರಿಗೆ ಪೆಟ್ರೋಲ್ ಹಾಕುವುದನ್ನೇ ಮರೆತಿದ್ದರು.

ಮನೆಯಲ್ಲೇ ಮಾಡುವ ಕೆಲಸಗಳು ನನಗೆ ಇಷ್ಟ. ಭಾನುವಾರ ಬೆಳಗ್ಗೆ ಕಾಫಿ ಕುಡಿದು ಸೆಂಟರ್ ಸ್ಟ್ಯಾಂಡ್ ಹಾಕುತ್ತೇನೆ. ಚೈನ್ ಒರೆಸಿ, ಚಕ್ರ ತಿರುಗಿಸುತ್ತ ಲ್ಯೂಬ್ ಹೊಡೆಯುತ್ತೇನೆ. ಚಳಿಗಾಲದಲ್ಲಿ ಇಲ್ಲಿ ಹಿಮ ಕಟ್ಟದಿರಲಿ ಅಂತ ರಸ್ತೆಗೆ ಉಪ್ಪು ಸುರಿಯುತ್ತಾರೆ. ಯಾವ ಕಂಪನಿಯ ಬೈಕಾದರೂ ಉಪ್ಪಿಗೆ ಒಂದೇ. ಅದಕ್ಕೆ ಡ್ಯೂಟಿಯಿಂದ ಬಂದ ತಕ್ಷಣ ತಣ್ಣೀರಿನಲ್ಲಿ ತೊಳೆಯಬೇಕು. ಬಿಸಿನೀರು ಬೇಡ, ಅದು ಉಪ್ಪಿನ ಕೆಲಸವನ್ನು ಇನ್ನೂ ಚುರುಕು ಮಾಡುತ್ತದೆ. ಅಕ್ಟೋಬರಿನಲ್ಲಿ ಒಮ್ಮೆ ತುಕ್ಕು ತಡೆಯುವ ಸ್ಪ್ರೇ ಹೊಡೆದು, ಸ್ಪೋಕ್ ಒಂದೊಂದನ್ನೂ ಬಟ್ಟೆಯಲ್ಲಿ ಒರೆಸಿದರೆ ಏಪ್ರಿಲ್‌ವರೆಗೆ ಚಿಂತೆಯಿಲ್ಲ. ವಾಲ್ವ್ ಹೊಂದಿಸುವುದೂ ಈ ಎಂಜಿನ್ನಿನಲ್ಲಿ ಸ್ಕ್ರೂ ಮತ್ತು ನಟ್ಟಿನ ಕೆಲಸ. ಸಂದು ಅಳೆಯುವ ಫೀಲರ್ ಗೇಜ್ ಇದ್ದು, ತಾಳ್ಮೆ ಇದ್ದರೆ ಮನೆಯಲ್ಲೇ ಆಗುತ್ತದೆ. ಇದರಿಂದ ನನಗೆ ವರ್ಷ ವರ್ಷ ಉಳಿದ ದುಡ್ಡು ಸಣ್ಣದಲ್ಲ.

ಇನ್ನು ಖರ್ಚು. ಊರಿನಿಂದ ಹೊಸದಾಗಿ ಬಂದವರಿಗೆ ಮೊದಲ ಪೆಟ್ಟು ಲೈಸೆನ್ಸು. ಭಾರತದ ಲೈಸೆನ್ಸು ಇಲ್ಲಿ ಹನ್ನೆರಡು ತಿಂಗಳು ನಡೆಯುತ್ತದೆ. ಅದನ್ನು ಇಲ್ಲಿನದಕ್ಕೆ ಬದಲಾಯಿಸಿ ಕೊಡುವುದಿಲ್ಲ. ಆಮೇಲೆ ಎಷ್ಟು ವರ್ಷ ಓಡಿಸಿದವರಾದರೂ ಮೊದಲಿನಿಂದ ಶುರು ಮಾಡಬೇಕು. ಸಿಬಿಟಿ ಅನ್ನುವ ಒಂದು ದಿನದ ತರಬೇತಿ, ಥಿಯರಿಗೆ 23 ಪೌಂಡ್, ಮೈದಾನದ ಪರೀಕ್ಷೆಯಾದ ಮಾಡ್ಯೂಲ್ ಒಂದಕ್ಕೆ 15.50, ರಸ್ತೆಯ ಪರೀಕ್ಷೆಯಾದ ಮಾಡ್ಯೂಲ್ ಎರಡಕ್ಕೆ ವಾರದ ದಿನದಲ್ಲಿ 75. ಸರ್ಕಾರದ ಪರೀಕ್ಷೆಯ ಫೀ ಇಷ್ಟೇ. ತರಬೇತಿ ಶಾಲೆಯ ಬಿಲ್ಲು ಸೇರಿ ನನಗೆ ಸಾವಿರ ಪೌಂಡ್ ದಾಟಿತು. 2013ರ ಜನವರಿಯಿಂದ ವಯಸ್ಸಿನ ಮೆಟ್ಟಿಲುಗಳೂ ಇವೆ: 17ಕ್ಕೆ 125 ಸಿಸಿ, 19ಕ್ಕೆ ಮಧ್ಯಮ ಶಕ್ತಿಯ ಬೈಕಿನ ಎ2 ಲೈಸೆನ್ಸು, ದೊಡ್ಡ ಬೈಕಿಗೆ ನೇರವಾಗಿ ಪರೀಕ್ಷೆ ಕಟ್ಟಬೇಕೆಂದರೆ 24. ನಮ್ಮ ಬೀದಿಯ ಹುಡುಗನೊಬ್ಬ ಎರಡು ವರ್ಷಕ್ಕೊಮ್ಮೆ ಸಿಬಿಟಿ ಮತ್ತೆ ಮಾಡಿ ಎಲ್ ಬೋರ್ಡಿನಲ್ಲೇ ಊಟದ ಡೆಲಿವರಿ ಮಾಡುತ್ತಿದ್ದಾನೆ. ಪೂರ್ತಿ ಲೈಸೆನ್ಸಿನ ದುಡ್ಡು ಅವನ ಕೈಗೆ ಒಟ್ಟಿಗೆ ಸಿಗುವುದೇ ಇಲ್ಲ. ತರಬೇತಿ ಬೇಡ ಅನ್ನುತ್ತಿಲ್ಲ. ಮಾಡ್ಯೂಲ್ ಒಂದರಲ್ಲಿ ಕಲಿತ ಬ್ರೇಕಿಂಗ್ ನನ್ನನ್ನು ಕಾಪಾಡಿದೆ. ಆದರೆ ಚೆನ್ನಾಗಿ ಕಲಿಯಬೇಕಾದವನೇ ದುಡ್ಡಿಲ್ಲದೆ ಹೊರಗೆ ಉಳಿಯುವುದು ಸರಿಯಲ್ಲ, ಅಲ್ವಾ?

ರಸ್ತೆ ತೆರಿಗೆ 600 ಸಿಸಿ ಮೇಲಿನ ಬೈಕಿಗೆ 2021ರಲ್ಲಿ ವರ್ಷಕ್ಕೆ 96 ಪೌಂಡ್ ಇತ್ತು. 2025ರಲ್ಲಿ 121 ಆಯಿತು. ವರ್ಷದ ಎಂಒಟಿ ತಪಾಸಣೆಗೆ ಹೆಚ್ಚೆಂದರೆ 29.65. ಇಷ್ಟು ವರ್ಷದಲ್ಲಿ ಅದು ಮಾತ್ರ ಏರಿಲ್ಲ, ಪುಣ್ಯ. ಹೆಲ್ಮೆಟ್ಟಿಗೆ ವ್ಯಾಟ್ ಇಲ್ಲ, ಅದು ಒಳ್ಳೆಯದು. ಆದರೆ ಬೆನ್ನು, ಮೊಣಕೈ, ಪಾದ ಕಾಯುವ ಜಾಕೆಟ್ಟಿಗೂ ಬೂಟಿಗೂ ನಾವು 20 ಶೇಕಡಾ ಕಟ್ಟುತ್ತೇವೆ.

ಇನ್ಶೂರೆನ್ಸ್ ಇನ್ನೊಂದು ಕಥೆ. ಒಂದೂ ಕ್ಲೇಮ್ ಮಾಡದ ನನಗೆ ಮೂರನೇ ವರ್ಷ ಬಂದ ನವೀಕರಣದ ಪತ್ರದಲ್ಲಿ ಮೊದಲ ವರ್ಷದ ಹತ್ತಿರ ಹತ್ತಿರ ಎರಡು ಪಟ್ಟು ಮೊತ್ತ ಇತ್ತು. ಫೋನ್ ಮಾಡಿ ಕೇಳಿದರೆ ಪೋಸ್ಟ್‌ಕೋಡ್ ಅಂದರು. ಅದರ ಮೇಲೆ 12 ಶೇಕಡಾ ಇನ್ಶೂರೆನ್ಸ್ ತೆರಿಗೆ ಬೇರೆ. ಮೊತ್ತ ಏರಿದಂತೆ ತೆರಿಗೆಯೂ ತಾನಾಗಿ ಏರುತ್ತದೆ.

ಪೋಸ್ಟ್‌ಕೋಡ್ ಅಂದರೆ ಕಳ್ಳತನ. ಲಂಡನ್ನಿನಲ್ಲಿ ಬೈಕ್ ಕದಿಯುವವರು ಕಬ್ಬಿಣ ಕತ್ತರಿಸುವ ಬ್ಯಾಟರಿ ಗ್ರೈಂಡರ್ ತಂದು ಹಗಲಲ್ಲೇ ಸರಪಳಿ ಕೊಯ್ಯುತ್ತಾರೆ. ಒಂದು ಸಂಜೆ ಶಿಫ್ಟ್ ಮುಗಿಸಿ ಬಂದಾಗ ನನ್ನ ಸರಪಳಿಯ ಒಂದು ಕೊಂಡಿಯಲ್ಲಿ ಅರ್ಧದವರೆಗೆ ಹೊಳೆಯುವ ಗೀರು ಇತ್ತು. ಯಾರೋ ಬಂದಿದ್ದರಿಂದ ಬಿಟ್ಟು ಓಡಿರಬೇಕು. ಆಮೇಲೆ 16 ಮಿಲಿಮೀಟರಿನ ಸರಪಳಿ, ಡಿಸ್ಕ್ ಲಾಕ್, ನೆಲಕ್ಕೆ ಹೂತ ಆ್ಯಂಕರ್, ಮೇಲೆ ಹೊದಿಕೆ. ದಿನಾ ಕಟ್ಟುವುದು, ದಿನಾ ಬಿಚ್ಚುವುದು. ಮನೆಯಲ್ಲಿ ಒಂದು ಸರಪಳಿ, ಕೆಲಸದ ಜಾಗದಲ್ಲಿ ಇನ್ನೊಂದು, ಏಕೆಂದರೆ ಆ ಭಾರ ಹೊತ್ತು ಓಡಿಸಲು ಆಗುವುದಿಲ್ಲ.

ಇಷ್ಟೆಲ್ಲವನ್ನೂ ನುಂಗಿಕೊಂಡಿದ್ದೆ. ಅತ್ಯಂತ ಬೇಸರ ಕೊಟ್ಟದ್ದು ಸುರಂಗದ ಟೋಲ್.

ನಮ್ಮ ಕಡೆಯಿಂದ ನದಿ ದಾಟಲು ಇರುವ ದೊಡ್ಡ ದಾರಿ ಬ್ಲ್ಯಾಕ್‌ವಾಲ್ ಸುರಂಗ. 1897ರಿಂದ ಇದೆ. ಅದಕ್ಕೆ ದುಡ್ಡು ಕೇಳುತ್ತಿರಲಿಲ್ಲ. ಪಕ್ಕದಲ್ಲಿ ಹೊಸ ಸಿಲ್ವರ್‌ಟೌನ್ ಸುರಂಗ ಕಟ್ಟಿದರು. 2025ರ ಏಪ್ರಿಲ್ 7ಕ್ಕೆ ಅದು ತೆರೆದ ದಿನವೇ ಎರಡಕ್ಕೂ ಟೋಲ್ ಬಂತು. ಬೆಳಗ್ಗೆ ಆರರಿಂದ ರಾತ್ರಿ ಹತ್ತರವರೆಗೆ, ವಾರದ ಏಳೂ ದಿನ. ಸೋಮವಾರದಿಂದ ಶುಕ್ರವಾರ ಬೆಳಗ್ಗೆ ಆರರಿಂದ ಹತ್ತು ಉತ್ತರಕ್ಕೆ ಹೋದರೆ, ಸಂಜೆ ನಾಲ್ಕರಿಂದ ಏಳು ದಕ್ಷಿಣಕ್ಕೆ ಬಂದರೆ ಬೈಕಿಗೆ 2.50 ಪೌಂಡ್, ಕಾರಿಗೆ 4. ಉಳಿದ ಹೊತ್ತಿನಲ್ಲಿ ಬೈಕಿಗೂ 1.50, ಕಾರಿಗೂ 1.50. ಆನ್‌ಲೈನಿನಲ್ಲಿ ಆಟೋ ಪೇ ಖಾತೆ ತೆರೆಯದಿದ್ದರೆ ಯಾವ ಹೊತ್ತಿಗೂ ದೊಡ್ಡ ದರವೇ. ಕಟ್ಟಲು ಮರೆತರೆ ದಂಡ 180 ಪೌಂಡ್, ಬೇಗ ಕಟ್ಟಿದರೆ ಅದರ ಅರ್ಧ.

ಪೀಕ್‌ನಲ್ಲಿ ಹೋಗಿ ಬಂದರೆ ದಿನಕ್ಕೆ 5 ಪೌಂಡ್. ಐದು ದಿನಕ್ಕೆ 25. ಅದೇ ಐದು ದಿನಕ್ಕೆ ನನ್ನ ಪೆಟ್ರೋಲ್ ಖರ್ಚು ಎಂಟು ಪೌಂಡಿನ ಆಸುಪಾಸು. ಒಂದು ಬೈಕಿಗೆ ಕುಡಿಸುವ ಪೆಟ್ರೋಲಿನ ಮೂರು ಪಟ್ಟು ದುಡ್ಡು ಒಂದು ಸುರಂಗ ದಾಟುವುದಕ್ಕೆ!

ಸುರಂಗ ಕಟ್ಟಿದ ಸಾಲ ತೀರಿಸಬೇಕು, ದಟ್ಟಣೆ ಇಳಿಸಬೇಕು ಅನ್ನುತ್ತಾರೆ. ಸಾಲದ ಮಾತು ಅರ್ಥವಾಗುತ್ತದೆ. ದಟ್ಟಣೆಯ ಮಾತು ಬೈಕಿಗೆ ಹೇಗೆ ಹೊಂದುತ್ತದೆ? ಸಾಲುಗಳ ನಡುವೆ ನುಸುಳಿ ಹೋಗಲು ಇಲ್ಲಿನ ಕಾನೂನೇ ಬಿಡುತ್ತದೆ. ನಾನು ಯಾರ ಮುಂದೆಯೂ ನಿಂತು ದಾರಿ ಕಟ್ಟುವುದಿಲ್ಲ. ಮಧ್ಯ ಲಂಡನ್ನಿನ ಕಂಜೆಷನ್ ಚಾರ್ಜ್ ಬೈಕಿಗಿಲ್ಲ. ಪೂರ್ವಕ್ಕೆ ಹೋದರೆ ಸಿಗುವ ಡಾರ್ಟ್‌ಫರ್ಡ್ ಕ್ರಾಸಿಂಗ್‌ನಲ್ಲೂ ಬೈಕಿಗೆ ದುಡ್ಡಿಲ್ಲ. ಹಾಗಿದ್ದಾಗ ಇಲ್ಲಿ ಮಾತ್ರ ಯಾಕೆ? ಸೈಕಲ್‌ನವರನ್ನು ಸೈಕಲ್ ಸಮೇತ ಬಸ್ಸಿನಲ್ಲಿ ಬಿಟ್ಟಿಯಾಗಿ ದಾಟಿಸುವ ವ್ಯವಸ್ಥೆ ಮಾಡಿದರು, ಅದು ಸಂತೋಷ. ಎರಡು ಗಾಲಿಯ ನಮ್ಮನ್ನೂ ಹಾಗೆ ನೋಡಬಹುದಿತ್ತು. ಊರಿಗೆ ಫೋನ್ ಮಾಡಿದಾಗ ಅಮ್ಮ, "ಬೈಕಿಗೂ ಟೋಲಾ? ಪಕ್ಕದಲ್ಲಿ ಸಣ್ಣ ದಾರಿ ಬಿಟ್ಟಿರಲ್ವೇನೋ?" ಅಂತ ಕೇಳಿದರು. ನಮ್ಮ ಹೆದ್ದಾರಿಯ ಟೋಲ್‌ಗಳಲ್ಲಿ ಬಿಟ್ಟಿರುತ್ತಾರಲ್ಲ, ಹಾಗೆ. ಇಲ್ಲಮ್ಮ, ಕ್ಯಾಮೆರಾ ಇದೆ ಅಂದೆ.

ಇದು ದಿನಚರಿಯನ್ನೇ ಬದಲಿಸಿಬಿಟ್ಟಿದೆ. ಬೆಳಗಿನ ಶಿಫ್ಟ್ ಇದ್ದಾಗ ಆರಕ್ಕೆ ಮುಂಚೆ ಸುರಂಗದ ಬಾಯಿ ದಾಟಬೇಕೆಂದು ಅರ್ಧ ಗಂಟೆ ಮೊದಲೇ ಏಳುತ್ತೇನೆ. ಆರಕ್ಕೆ ಇನ್ನೇನು ಐದು ನಿಮಿಷ ಅನ್ನುವಾಗ ಅಲ್ಲಿ ಬೈಕುಗಳ ಗುಂಪೇ ಇರುತ್ತದೆ. ಎಲ್ಲರೂ ನನ್ನಂಥವರೇ: ಕ್ಲೀನಿಂಗ್ ಕೆಲಸದವರು, ಆಸ್ಪತ್ರೆಯವರು, ಕಟ್ಟಡ ಕೆಲಸದವರು. ತಡದ ಶಿಫ್ಟ್ ಮುಗಿದಾಗ ರಾತ್ರಿ ಒಂಬತ್ತೂವರೆ. ಆಗಲೇ ಹೊರಟರೆ 1.50. ಅದಕ್ಕೆ ಹತ್ತು ಹೊಡೆಯುವವರೆಗೆ ಕ್ಯಾಂಟೀನಿನಲ್ಲಿ ಕೂತಿರುತ್ತೇನೆ. ಮಗಳು ಅಷ್ಟರಲ್ಲಿ ಮಲಗಿರುತ್ತಾಳೆ. ಒಂದೂವರೆ ಪೌಂಡಿನ ಲೆಕ್ಕ ಸಣ್ಣದು ಅನ್ನಿಸಬಹುದು. ನಮ್ಮ ಮನೆಯ ಬಜೆಟ್ಟಿನಲ್ಲಿ ಪ್ರತಿ ತಿಂಗಳು ಅದು ಸಣ್ಣದಲ್ಲ.

ಆದರೆ ಈ ಟೋಲಿನಿಂದಲೇ ನನಗೊಂದು ಒಳ್ಳೆಯದೂ ಸಿಕ್ಕಿತು. ವುಲಿಚ್ ಫೆರ್ರಿ.

ವುಲಿಚ್‌ನಿಂದ ನಾರ್ತ್ ವುಲಿಚ್‌ಗೆ ವಾಹನಗಳನ್ನು ದಾಟಿಸುವ ದೋಣಿ ಇದು. 1889ರಿಂದ ಬಿಟ್ಟಿ. ಇಷ್ಟು ವರ್ಷ ಪಕ್ಕದಲ್ಲೇ ಇದ್ದರೂ ಸುರಂಗವೇ ಬೇಗ ಅಂತ ಆ ಕಡೆ ಹೋಗುತ್ತಿರಲಿಲ್ಲ. ಈಗ ಮಧ್ಯಾಹ್ನ ಬಿಡುವಾದ ದಿನ ಇದರಲ್ಲೇ ವಾಪಸ್. ಕ್ಯೂ ಇರುತ್ತದೆ, ಮಂಜು ದಟ್ಟವಾದರೆ ಓಡಿಸುವುದೇ ಇಲ್ಲ, ಅವಸರದವರಿಗೆ ಹೇಳಿದ್ದಲ್ಲ. ಆದರೆ ದೋಣಿ ಹತ್ತಿ, ಎಂಜಿನ್ ಆರಿಸಿ, ಹೆಲ್ಮೆಟ್ ತೆಗೆದು ನಿಂತರೆ ಆ ಕೆಲವು ನಿಮಿಷ ಪೂರ್ತಿ ನನ್ನದು. ಪಶ್ಚಿಮಕ್ಕೆ ಥೇಮ್ಸ್ ಬ್ಯಾರಿಯರ್‌ನ ಬೆಳ್ಳಿ ಬಣ್ಣದ ಗುಮ್ಮಟಗಳು. ತಲೆಯ ಮೇಲೆ ಸಿಟಿ ಏರ್‌ಪೋರ್ಟ್‌ಗೆ ಇಳಿಯುವ ವಿಮಾನ. ಗಾಳಿ ಸರಿಯಾಗಿದ್ದರೆ ಸಿಲ್ವರ್‌ಟೌನ್‌ನ ಸಕ್ಕರೆ ಕಾರ್ಖಾನೆಯ ವಾಸನೆ. ಮಂಡ್ಯದಲ್ಲಿ ಆಲೆಮನೆಯ ಪಕ್ಕ ಹಾದು ಹೋದ ಹಾಗೆ ಅನ್ನಿಸುತ್ತದೆ. ದೋಣಿಯ ಕೆಲಸಗಾರರೊಬ್ಬರಿಗೆ ಈಗ ನನ್ನ ಬೈಕಿನ ಗುರುತಿದೆ. ಸದ್ದು ಕೇಳಿದರೆ ಕೈ ಎತ್ತುತ್ತಾರೆ.

ಶನಿವಾರ ನಮ್ಮನೆಯವಳನ್ನು ಹಿಂದೆ ಕೂರಿಸಿಕೊಂಡು ಇದೇ ದೋಣಿಯಲ್ಲಿ ದಾಟಿ ಈಸ್ಟ್ ಹ್ಯಾಮ್‌ಗೆ ಹೋಗುತ್ತೇವೆ. ಕರಿಬೇವು, ತೆಂಗಿನಕಾಯಿ, ಸೋನಾ ಮಸೂರಿ ಎಲ್ಲ ಅಲ್ಲೇ. ಮಸಾಲೆ ದೋಸೆ ತಿಂದು ವಾಪಸ್. ಸುರಂಗದಲ್ಲಿ ಹೋಗಿ ಬಂದರೆ 3 ಪೌಂಡ್. ಆ ದುಡ್ಡಿಗೆ ಕೊತ್ತಂಬರಿ, ಕರಿಬೇವು, ಹಸಿಮೆಣಸು ಎಲ್ಲ ಬಂದುಬಿಡುತ್ತದೆ.

ಕೊಳ್ಳುವ ಯೋಚನೆಯಲ್ಲಿರುವವರಿಗೆ ನನ್ನ ಮಾತು ಇದು. ಲಂಡನ್ನಿನ ಹೊರಗಿದ್ದು, ಗ್ಯಾರೇಜ್ ಇದ್ದರೆ ಯೋಚಿಸಬೇಡಿ, ತಗೊಳ್ಳಿ. 47 ಅಶ್ವಶಕ್ತಿ ಇರುವುದರಿಂದ ಎ2 ಲೈಸೆನ್ಸಿಗೂ ಸಿಗುತ್ತದೆ. ಕೆಲಸ ಕಲಿತರೆ ಸರ್ವೀಸ್ ಖರ್ಚೂ ಹೆಚ್ಚಿಲ್ಲ. ಲಂಡನ್ನಿನ ಒಳಗೆ, ರಸ್ತೆ ಬದಿಯಲ್ಲಿ ನಿಲ್ಲಿಸುವವರಾದರೆ ಶೋರೂಮಿಗೆ ಹೋಗುವ ಮುಂಚೆ ಮೂರು ಕೆಲಸ ಮಾಡಿ. ನಿಮ್ಮ ಪೋಸ್ಟ್‌ಕೋಡ್ ಹಾಕಿ ಇನ್ಶೂರೆನ್ಸ್ ಬೆಲೆ ನೋಡಿ. ಸರಪಳಿ ಮತ್ತು ಆ್ಯಂಕರಿಗೆ ಬೇರೆಯಾಗಿ ದುಡ್ಡು ತೆಗೆದಿಡಿ. ಕೆಲಸದ ಜಾಗದಲ್ಲಿ ಪಾರ್ಕಿಂಗ್ ಬಿಟ್ಟಿಯೋ ಅಲ್ಲವೋ ಕೇಳಿ. ವೆಸ್ಟ್‌ಮಿನ್‌ಸ್ಟರ್‌ನಂಥ ಕಡೆ ಬೈಕ್ ನಿಲ್ಲಿಸುವುದಕ್ಕೂ ದುಡ್ಡು. ಹಳೆಯ ಬೈಕ್ ಅಗ್ಗಕ್ಕೆ ಸಿಕ್ಕಿತು ಅಂತ ತರುವವರು ಅದು ಯುರೋ 3 ಅನ್ನುವ ಹೊಗೆಯ ಮಾನದಂಡ ಮುಟ್ಟುತ್ತದೆಯೋ ಅಂತ ಮೊದಲು ನೋಡಿ. ಅಲ್ಲದಿದ್ದರೆ 2023ರ ಆಗಸ್ಟ್ 29ರಿಂದ ಲಂಡನ್ನಿನ ಎಲ್ಲ ಕಡೆ ಯುಲೆಜ್ ಅನ್ನುವ ಹೊಗೆಯ ಶುಲ್ಕ, ಓಡಿಸಿದ ದಿನಕ್ಕೆ 12.50 ಪೌಂಡ್. ನನ್ನ ಜೊತೆ ಕೆಲಸ ಮಾಡುವವರೊಬ್ಬರು ಚೆನ್ನಾಗಿ ಇಟ್ಟುಕೊಂಡಿದ್ದ ಗಾಡಿಯನ್ನು ಇದೇ ಕಾರಣಕ್ಕೆ ಮಾರಬೇಕಾಯಿತು.

ನಾನು ಸದ್ಯ ಮಾರುತ್ತಿಲ್ಲ. ಮುಂದಿನ ನವೀಕರಣದಲ್ಲಿ ಇನ್ಶೂರೆನ್ಸ್ ಮತ್ತೆ ಜಿಗಿದರೆ 350 ಸಿಸಿಗೆ ಇಳಿಯಬೇಕಾಗಬಹುದು. ಅದಕ್ಕೆ ರಸ್ತೆ ತೆರಿಗೆ 2025ರಲ್ಲಿ 57 ಪೌಂಡ್ ಇತ್ತು, ಪ್ರೀಮಿಯಮ್ಮೂ ಕಡಿಮೆ. ಸುರಂಗದ ದರ ಮಾತ್ರ ಅದಕ್ಕೂ ಇಷ್ಟೇ. ಬೈಕಿಗೆ ಇದನ್ನು ತೆಗೆಯಿರಿ, ಡಾರ್ಟ್‌ಫರ್ಡ್‌ನಲ್ಲಿ ಇರುವಂತೆ ಮಾಡಿ ಅಂತ ನಮ್ಮ ಲಂಡನ್ ಅಸೆಂಬ್ಲಿ ಸದಸ್ಯರಿಗೆ ಬರೆದಿದ್ದೇನೆ. ನದಿಯ ಈ ಕಡೆ ಇರುವ ಬೈಕಿನವರು ನೀವೂ ಬರೆಯಿರಿ.