ವಿಂಡೋಸ್ ಫೈಲ್ ಹಿಸ್ಟರಿ: ವರ್ಷಗಟ್ಟಲೆ ಬಳಸಿದ ಮೇಲೆ

ಪುಸ್ತಕಗಳ ಡಿಟಿಪಿ ನನ್ನ ಕೆಲಸ. ಬೇರೆಯವರ ಬರವಣಿಗೆ ನನ್ನ ಕಂಪ್ಯೂಟರ್‌ನಲ್ಲಿ ಇರುತ್ತದೆ, ಅದನ್ನು ಕಾಯುವ ಹೊಣೆಯೂ ನನ್ನದೇ. ಬ್ಯಾಕಪ್‌ಗೆ ವಿಂಡೋಸ್ 8ರ ಕಾಲದಿಂದ ಫೈಲ್ ಹಿಸ್ಟರಿ ಬಳಸುತ್ತಿದ್ದೇನೆ. ಬೇರೆ ದುಡ್ಡಿಲ್ಲ, ವಿಂಡೋಸ್ ಜೊತೆಗೇ ಬರುತ್ತದೆ. ಆದರೆ ನಾವೇ ಆನ್ ಮಾಡಬೇಕು. ವಿಂಡೋಸ್ 11ರಲ್ಲಂತೂ ಕಂಟ್ರೋಲ್ ಪ್ಯಾನೆಲ್‌ಗೆ ಹೋಗಿ ಹುಡುಕಬೇಕು.

ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಹಾಕಿಟ್ಟರೆ ಗಂಟೆಗೊಮ್ಮೆ, ಬದಲಾದ ಫೈಲುಗಳನ್ನಷ್ಟೇ ಕಾಪಿ ಮಾಡಿಕೊಳ್ಳುತ್ತದೆ. ಹಳೆಯ ಪ್ರತಿಯೂ ಹಾಗೇ ಉಳಿಯುತ್ತದೆ. ನನಗೆ ಜಾಸ್ತಿ ಉಪಯೋಗಕ್ಕೆ ಬಂದಿರುವುದು ಇದೇ. ಮೂರನೇ ಪ್ರೂಫ್ ಮುಗಿದ ಮೇಲೆ ಲೇಖಕರು "ಈ ಅಧ್ಯಾಯ ಮೊದಲಿದ್ದ ಹಾಗೇ ಇರಲಿ" ಅನ್ನುವುದುಂಟು. ಫೈಲಿನ ಪ್ರಾಪರ್ಟೀಸ್‌ಗೆ ಹೋಗಿ, ಪ್ರೀವಿಯಸ್ ವರ್ಷನ್ಸ್‌ನಲ್ಲಿ ಬೇಕಾದ ದಿನದ್ದನ್ನು ತೆಗೆದರೆ ಆಯಿತು. ಡಿಸ್ಕನ್ನು ಬೇರೆ ಕಂಪ್ಯೂಟರ್‌ಗೆ ಹಾಕಿದರೂ ಫೈಲುಗಳು ಮಾಮೂಲಿ ಫೋಲ್ಡರ್‌ಗಳಲ್ಲೇ ಸಿಗುತ್ತವೆ, ಹೆಸರಿನ ಕೊನೆಗೆ ತಾರೀಕು, ಸಮಯ ಇರುತ್ತದೆ. ಸಮಯ ಮಾತ್ರ ಯುಟಿಸಿ, ಅಂದರೆ ಜಾಗತಿಕ ಪ್ರಮಾಣಿತ ಸಮಯ; ನಮ್ಮ ಸಮಯಕ್ಕೆ ಐದೂವರೆ ಗಂಟೆ ಸೇರಿಸಿ ಓದಿಕೊಳ್ಳಿ.

ಇದು ಇಡೀ ಕಂಪ್ಯೂಟರಿನ ಬ್ಯಾಕಪ್ ಅಲ್ಲ. ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಥರದ ಲೈಬ್ರರಿಗಳು, ಡೆಸ್ಕ್‌ಟಾಪ್, ಹೀಗೆ ಕೆಲವನ್ನಷ್ಟೇ ನೋಡಿಕೊಳ್ಳುತ್ತದೆ. ಡಿ ಡ್ರೈವ್‌ನಲ್ಲಿ ಕೆಲಸ ಮಾಡುವವರು ಆ ಫೋಲ್ಡರನ್ನು ಲೈಬ್ರರಿಗೆ ಸೇರಿಸಲೇಬೇಕು.

ಕನ್ನಡದಲ್ಲಿ ಕೆಲಸ ಮಾಡುವವರು ಇನ್ನೊಂದನ್ನು ಗಮನಿಸಬೇಕು. ಯೂನಿಕೋಡ್ (ಎಲ್ಲ ಕಂಪ್ಯೂಟರ್‌ಗಳಿಗೂ ಸಾಮಾನ್ಯವಾದ ಅಕ್ಷರ ಸಂಕೇತ) ಅಲ್ಲದ ಹಳೆಯ ನುಡಿ, ಬರಹ, ಶ್ರೀಲಿಪಿ ಸಾಫ್ಟ್‌ವೇರ್‌ಗಳ ಫೈಲುಗಳು ಆಯಾ ಫಾಂಟ್ ಇಲ್ಲದಿದ್ದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತವೆ. ಫೈಲ್ ಉಳಿದರೂ ಓದಲು ಬರುವುದಿಲ್ಲ! ವಿಂಡೋಸ್‌ನ ಫಾಂಟ್ಸ್ ಫೋಲ್ಡರ್ ಈ ಬ್ಯಾಕಪ್‌ಗೆ ಸೇರುವುದಿಲ್ಲ. ಅದಕ್ಕೇ ನಾನು ಪ್ರತಿ ಪುಸ್ತಕದ ಫೋಲ್ಡರ್‌ನಲ್ಲೇ ಅದರ ಫಾಂಟ್‌ಗಳನ್ನೂ ಒಂದು ಪಿಡಿಎಫನ್ನೂ ಇಡುತ್ತೇನೆ.

ಡಿಸ್ಕನ್ನು ಹಗಲೂ ರಾತ್ರಿ ಹಾಕಿಯೇ ಬಿಡಬೇಡಿ. 2017ರ ವನ್ನಾಕ್ರೈ ಥರದ ರಾನ್ಸಮ್‌ವೇರ್ (ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳುವ ದುಷ್ಟ ಪ್ರೋಗ್ರಾಂ) ಹೊಕ್ಕರೆ, ಕಂಪ್ಯೂಟರ್‌ಗೆ ಹಾಕಿರುವ ಡಿಸ್ಕಿನ ಫೈಲುಗಳಿಗೂ ಬೀಗ ಬೀಳುತ್ತದೆ. ಸಂಜೆ ಇಜೆಕ್ಟ್ ಮಾಡಿ ಬೀರುವಿನಲ್ಲಿಡುತ್ತೇನೆ. ಇನ್ನೊಂದು ಡಿಸ್ಕ್ ಅಕ್ಕನ ಮನೆಯಲ್ಲಿದೆ. ಕಳ್ಳತನವೋ ಬೆಂಕಿಯೋ ಆದರೆ ಒಂದೇ ಮನೆಯ ಎರಡು ಡಿಸ್ಕ್ ಇದ್ದೂ ಪ್ರಯೋಜನವಿಲ್ಲ, ಅಲ್ವಾ?

ಆಗಾಗ ಒಂದೆರಡು ಫೈಲುಗಳನ್ನು ರಿಸ್ಟೋರ್ ಮಾಡಿ, ತೆರೆದು, ಕೊನೆ ಪುಟದವರೆಗೂ ನೋಡುತ್ತೇನೆ. ಸುಮ್ನೆ 'ಆನ್' ಅಂತ ತೋರಿಸಿದರೆ ನನಗೆ ಸಮಾಧಾನ ಇಲ್ಲ. ವಿಂಡೋಸೇ ಕೆಟ್ಟರೆ ಅದನ್ನೂ ಸಾಫ್ಟ್‌ವೇರ್‌ಗಳನ್ನೂ ಹೊಸದಾಗಿ ಹಾಕಿಕೊಳ್ಳಬೇಕು, ಅದಕ್ಕೆ ಇದು ಸಾಲದು. ಬರೆಯುವವರಿಗೆ, ಡಿಟಿಪಿಯವರಿಗೆ, ಮನೆಯ ಫೋಟೋ ಉಳಿಸಿಕೊಳ್ಳಬೇಕು ಅನ್ನುವವರಿಗೆ ಧಾರಾಳವಾಗಿ ಸಾಕು.